ಬನ್ನಿ, ನೆಗಡಿಯನ್ನೂ ಕರೆತನ್ನಿ

ಬಂಧುಬಳಗದವರೇ, ನೆರೆಹೊರೆಯವರೇ, ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಸಕಲ ಸದಸ್ಯರೇ,

ನಮ್ಮ ಮಗಳ ಕೂಸು ಆಸ್ಪತ್ರೆಯ ಎಳೆಗೂಸುಗಳ ತೀವ್ರ ನಿಗಾ ಘಟಕದಿಂದ (ಎನ್‌ಐಸಿಯು) ಮನೆಗೆ ಬಂದ ಸುದ್ದಿ ನಮಗಿಂತ ಮೊದಲೇ ನಿಮಗೆ ತಲುಪಿದೆ. ನಾನಿನ್ನೂ ಬಿಲ್ ಕೌಂಟರಿನಲ್ಲಿ ರಸೀದಿಗೆ ಕಾಯುತ್ತಿರುವಾಗಲೇ ‘ಯಾವಾಗ ಬರೋಣ?’ ಎಂಬ ಫೋನುಗಳು ಶುರುವಾಗಿದ್ದವು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ತ್ರಾಣ ಮನೆಯಲ್ಲಿ ಯಾರಿಗೂ ಉಳಿದಿಲ್ಲ. ತಾತನಾದ ನನ್ನ ಪಾಲಿಗೆ ಬಾಗಿಲು ಕಾಯುವ ಕೆಲಸ ಬಂದಿರುವುದರಿಂದ ಎಲ್ಲರಿಗೂ ಸೇರಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಓದಿ, ಬೇಕಾದವರಿಗೆ ಫಾರ್ವರ್ಡ್ ಮಾಡಿ. ಬೆಳಗಾಗೆದ್ದು ನೀವು ಕಳಿಸುವ ಆರೋಗ್ಯ ಸೂತ್ರಗಳಿಗೆ ಹೋಲಿಸಿದರೆ ಇದರಲ್ಲಿ ಸುಳ್ಳು ಕಡಿಮೆ.

ದಯಮಾಡಿ ಬನ್ನಿ. ಒಬ್ಬೊಬ್ಬರೇ ಬಂದು ಸಂಕೋಚಪಡಬೇಡಿ, ಟೆಂಪೋ ಮಾಡಿಕೊಂಡು ಒಟ್ಟಿಗೇ ಬನ್ನಿ. ನೆಗಡಿಯಾಗಿರುವ ಮೊಮ್ಮಗನನ್ನು ಮನೆಯಲ್ಲಿ ಬಿಟ್ಟುಬಂದರೆ ಚೆನ್ನಾಗಿರುವುದಿಲ್ಲ, ಅವನನ್ನೂ ಕರೆತನ್ನಿ. ಬಸ್ಸಿನ ಕಂಬಿ ಹಿಡಿದು ಬಂದ ಕೈಯನ್ನು ತೊಳೆಯುವ ತೊಂದರೆ ತೆಗೆದುಕೊಳ್ಳದೆ ನೇರ ಕೂಸಿನ ಕೆನ್ನೆಗೆ ಒಯ್ಯಿರಿ. ತಾಯಿಯ ಮೈಯಿಂದ ಕೂಸಿಗೆ ರೋಗ ತಡೆಯುವ ಶಕ್ತಿ ಹೆಚ್ಚಾಗಿ ದಾಟುವುದು ಬಸಿರಿನ ಕೊನೆಯ ವಾರಗಳಲ್ಲಿ. ನಮ್ಮದು 31ನೇ ವಾರಕ್ಕೇ ಗಡಿಬಿಡಿಯಲ್ಲಿ ಹೊರಟುಬಂದದ್ದರಿಂದ ಆ ಬುತ್ತಿಯನ್ನು ಪೂರ್ತಿ ಕಟ್ಟಿಸಿಕೊಳ್ಳಲಾಗಲಿಲ್ಲ. ಕೊರತೆಯನ್ನು ನೀವು ನಿಮ್ಮ ಮುತ್ತುಗಳಿಂದ ತುಂಬಿಕೊಡುವಿರೆಂಬ ಭರವಸೆ ನನಗಿದೆ.

ಕೂಸನ್ನು ನೋಡಿದ ಕೂಡಲೇ ‘ಅಯ್ಯೋ, ಇಷ್ಟೇ ಇಷ್ಟು!’ ಅನ್ನಲು ಮರೆಯಬೇಡಿ. ಒಂದೂ ಮುಕ್ಕಾಲು ಕೆಜಿ ತೂಗುವ ಕೂಸು ಇಷ್ಟೇ ಇಷ್ಟು ಇರುತ್ತದೆ ಎಂಬುದು ಅದನ್ನು ಹಗಲೂ ರಾತ್ರಿ ಎತ್ತಿಕೊಂಡಿರುವ ಅದರ ತಾಯಿಗೆ ಹೊಳೆದಿರಲಿಕ್ಕಿಲ್ಲ. ಆಮೇಲೆ ದನಿ ತಗ್ಗಿಸಿ, ಆದರೆ ಒಳಕೋಣೆಗೆ ಕೇಳುವಷ್ಟು ಮಾತ್ರ ತಗ್ಗಿಸಿ, ‘ನಮ್ಮ ವಂಶದಲ್ಲಿ ಯಾರಿಗೂ ಹೀಗಾಗಿರಲಿಲ್ಲ’ ಎನ್ನಿ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು, ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಅವೆಲ್ಲ ಬೇರೆ ವಂಶದವೇ ಇದ್ದಾವು. ನಮ್ಮ ವಂಶದಲ್ಲಿ ಹಿಂದೆ ಇಂಥವು ಹುಟ್ಟಲೇ ಇಲ್ಲವೋ, ಹುಟ್ಟಿ ಮೂರು ದಿನಕ್ಕೆ ಹಿತ್ತಲ ಆಚೆ ಮಣ್ಣಾದವೋ ಅಂತ ಕೇಳೋಣವೆಂದರೆ ನಮ್ಮ ಅಜ್ಜಿಯಂದಿರು ಈಗ ಇಲ್ಲ. ನನ್ನ ಅಜ್ಜಿ ತನ್ನ ಮಕ್ಕಳ ಲೆಕ್ಕ ಹೇಳುವಾಗ ‘ಉಳಿದವು ಐದು’ ಅನ್ನುತ್ತಿದ್ದಳು. ಹುಟ್ಟಿದವು ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ.

ಕಾರಣ ಪತ್ತೆಹಚ್ಚುವ ಕೆಲಸವನ್ನು ನೀವು ಆಗಲೇ ಕೈಗೆತ್ತಿಕೊಂಡಿರುವುದು ಸಂತೋಷ. ಪಪ್ಪಾಯಿ ತಿಂದಳೋ, ಸ್ಕೂಟರ್ ಓಡಿಸಿದಳೋ, ಗ್ರಹಣದ ಹೊತ್ತಲ್ಲಿ ಕತ್ತರಿ ಹಿಡಿದಳೋ, ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡಳೋ ಎಂಬ ನಿಮ್ಮ ವಿಚಾರಣೆ ಮುಂದುವರಿಯಲಿ. ಅವಧಿಗೆ ಮೊದಲೇ ಯಾಕೆ ಹೆರಿಗೆಯಾಯಿತೆಂದು ಎಷ್ಟೋ ಸಲ ವೈದ್ಯರಿಗೂ ಹೇಳಲಾಗುವುದಿಲ್ಲ. ವೈದ್ಯರಲ್ಲದವರು ಹೇಳದಿದ್ದರೆ ಇನ್ನು ಯಾರು ಹೇಳಬೇಕು?

ಗಾಜಿನ ಪೆಟ್ಟಿಗೆಯ ಕೂಸುಗಳನ್ನು ನೋಡುವ ಆಸೆ ಹೊಸದಲ್ಲ. ಅಮೆರಿಕದ ಕೋನಿ ಐಲ್ಯಾಂಡ್ ಎಂಬ ಜಾತ್ರೆಬಯಲಿನಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇಂಕ್ಯುಬೇಟರ್‌ಗಳಲ್ಲಿ ನಿಜವಾದ ಕೂಸುಗಳನ್ನಿಟ್ಟು ಪ್ರದರ್ಶನ ನಡೆಸಿದ. ನೋಡಲು 25 ಸೆಂಟ್ ಟಿಕೆಟ್. ಆಸ್ಪತ್ರೆಗಳು ‘ಇವು ಬದುಕುವುದಿಲ್ಲ’ ಎಂದು ಕೈಬಿಟ್ಟ ಮಕ್ಕಳನ್ನು ಅವನು ನೋಡುಗರ ಚಿಲ್ಲರೆ ಕಾಸಿನಿಂದ ಸಾಕಿದ, ತಂದೆತಾಯಿಯ ಹತ್ತಿರ ಒಂದು ಕಾಸೂ ಕೇಳಲಿಲ್ಲ. ಅದೆಂಥ ವ್ಯಾಪಾರವೋ, ಎಂಥ ಪುಣ್ಯವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದು ಮಾತ್ರ ನಿಜ: ಅಲ್ಲಿ ನೋಡುಗರಿಗೂ ಕೂಸಿಗೂ ನಡುವೆ ಕಂಬಿಯೂ ಗಾಜೂ ಇದ್ದವು, ನೋಡುಗರು ಕೊಟ್ಟ ಹಣದಿಂದ ದಾದಿಯರ ಸಂಬಳ ನಡೆಯುತ್ತಿತ್ತು. ನಮ್ಮಲ್ಲಿ ಟಿಕೆಟ್ಟಿಲ್ಲ, ಗಾಜಿಲ್ಲ, ಬಂದವರಿಗೆ ಉಪ್ಪಿಟ್ಟು ಕಾಫಿ ಬೇರೆ. ಅದನ್ನು ಮಾಡುವವಳು ಎರಡು ಗಂಟೆಗೊಮ್ಮೆ ಎದ್ದು ಕೂಸಿಗೆ ಹಾಲು ಕುಡಿಸುತ್ತಿರುವವಳ ತಾಯಿ, ಅಂದರೆ ನನ್ನ ಹೆಂಡತಿ.

ನೀವೆಲ್ಲ ಮುಂದುವರಿದ ಜನ, ಅದು ನನಗೆ ಗೊತ್ತು. ಪುರುಡು, ಸೂತಕ, ಬಾಣಂತಿಕೋಣೆ ಎಲ್ಲ ಮೂಢನಂಬಿಕೆ ಎಂದು ಬಿಟ್ಟು ಯಾವ ಕಾಲವಾಯಿತು! ಹೆತ್ತವಳನ್ನೂ ಕೂಸನ್ನೂ ಹತ್ತಾರು ದಿನ ಯಾರೂ ಮುಟ್ಟಬಾರದು, ಒಂದೇ ಕೈಯಿಂದ ಅವರ ಆರೈಕೆಯಾಗಬೇಕು, ಊರವರು ಹೊಸಿಲ ಆಚೆ ನಿಂತು ಮಾತಾಡಿಸಿ ಹೋಗಬೇಕು ಎಂಬ ಹಳೆಯ ಕಟ್ಟಳೆಯಲ್ಲಿ, ಅದರ ಮೈಲಿಗೆಯ ಕಸವನ್ನೆಲ್ಲ ಗುಡಿಸಿ ಹಾಕಿದ ಮೇಲೂ, ಒಂದು ಹಿಡಿ ಬುದ್ಧಿ ಉಳಿಯುತ್ತಿತ್ತು. ನೀವು ಆ ಒಂದು ಹಿಡಿಯನ್ನು ಮೊದಲು ಎಸೆದಿರಿ. ಇಟ್ಟುಕೊಂಡದ್ದು ಜೇನುತುಪ್ಪ, ಬಜೆ, ಕಾಡಿಗೆ, ಸಾಂಬ್ರಾಣಿ ಹೊಗೆ. ಇಷ್ಟು ಕರಾರುವಾಕ್ಕಾಗಿ ತಿರುಗುಮುರುಗು ಆರಿಸಿಕೊಳ್ಳುವುದಕ್ಕೂ ಒಂದು ಪ್ರತಿಭೆ ಬೇಕು.

ಸೂತಕವನ್ನೇ ಮತ್ತೆ ತನ್ನಿ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ನಾವಿರುವ ಇದೇ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, 2023ರ ಜುಲೈನಲ್ಲಿ, ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯನ್ನು ಹಟ್ಟಿಯ ಹೊರಗೆ ಗುಡಿಸಲು ಹಾಕಿ ಇರಿಸಿದರು. ಮಳೆಗಾಲ. ಕೂಸಿಗೆ ಥಂಡಿ ಹತ್ತಿತು, ಉಳಿಯಲಿಲ್ಲ. ಪತ್ರಿಕೆಯಲ್ಲಿ ಓದಿದ ದಿನ ನಾವೆಲ್ಲ ಛೀ ಥೂ ಅಂದೆವು. ಅಲ್ಲಿ ಕೂಸನ್ನು ಯಾರೂ ಮುಟ್ಟದೆ ಕಳೆದುಕೊಂಡರು. ಇಲ್ಲಿ ನಾವು ಎಲ್ಲರೂ ಮುಟ್ಟಿ ಮುಟ್ಟಿ ಮತ್ತೆ ಆಸ್ಪತ್ರೆ ಸೇರಿಸುತ್ತೇವೆ. ಮಡಿ ಅವರದು, ಸಲಿಗೆ ನಮ್ಮದು. ಎರಡರಲ್ಲೂ ತಾಯಿಯನ್ನು ಕೇಳಿದವರಿಲ್ಲ.

ಜೇನುತುಪ್ಪದ ಬಾಟಲಿಗಳಿಗಾಗಿ ವಿಶೇಷ ಧನ್ಯವಾದ. ಕಾಡುಜೇನು, ತುಡುವೆಜೇನು, ಕೊಡಗಿನದು, ಮಲೆನಾಡಿನದು, ಎಲ್ಲವೂ ಬಂದಿವೆ. ಒಂದು ವರ್ಷ ತುಂಬುವವರೆಗೆ ಕೂಸಿನ ನಾಲಿಗೆಗೆ ಒಂದು ಹನಿಯೂ ತಾಗಬಾರದು, ಅದರಲ್ಲಿರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ ಎಂದು ಮಕ್ಕಳ ಡಾಕ್ಟರು ಹೇಳಿದರು. ನಮ್ಮ ಅತ್ತಿಗೆ ಅದಕ್ಕೆ ಒಪ್ಪಲಿಲ್ಲ. ‘ನಾನು ಮೂರು ಮಕ್ಕಳಿಗೂ ನೆಕ್ಕಿಸಿದ್ದೆ, ಏನಾಗಿದೆ ಹೇಳಿ?’ ಅಂದರು. ಆ ಮೂವರಲ್ಲಿ ಒಬ್ಬ ನಮ್ಮ ವಾಟ್ಸಾಪ್ ಗುಂಪಿನ ಅಡ್ಮಿನ್. ನಾನು ಸುಮ್ಮನಾದೆ.

ಎರೆಯುವ ವಿಷಯಕ್ಕೆ ಬರೋಣ. ಕಾಲು ನೀಡಿ ಮಣೆಯ ಮೇಲೆ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಹಂಡೆಯ ಹದ ಬಿಸಿನೀರನ್ನು ತಂಬಿಗೆಯಿಂದ ಒಂದೇ ಧಾರೆಯಾಗಿ ಬೆನ್ನಿನ ಮೇಲೆ ಹೊಯ್ಯುವುದನ್ನು ನೋಡುವುದೇ ಒಂದು ಚೆಂದ. ಅದು ಕಲೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಕೂಸಿನ ಚರ್ಮದಡಿ ಕೊಬ್ಬಿಲ್ಲ. ನಿಮಗೆ ಹಿತವೆನಿಸುವ ಗಾಳಿಯಲ್ಲಿ ಅದರ ಮೈ ತಣ್ಣಗಾಗುತ್ತದೆ. ಆಸ್ಪತ್ರೆಯ ಸಿಸ್ಟರ್ ಕಲಿಸಿಕೊಟ್ಟ ಪರೀಕ್ಷೆ ತೀರ ಸರಳ: ಮೊದಲು ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ಅಂಗಾಲು. ಎರಡೂ ಬೆಚ್ಚಗಿದ್ದರೆ ನಿಶ್ಚಿಂತೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸು ಚಳಿಯನ್ನು ತಡೆದುಕೊಳ್ಳುವುದರಲ್ಲೇ ತನ್ನ ಕಸುವನ್ನೆಲ್ಲ ಖರ್ಚು ಮಾಡುತ್ತಿದೆ ಎಂದರ್ಥ. ತಕ್ಷಣ ಎದೆಗೆ ಹಾಕಿಕೊಳ್ಳಬೇಕು. ಎರಡೂ ತಣ್ಣಗಿದ್ದರೆ ಆಸ್ಪತ್ರೆಗೆ ಓಡಬೇಕು. ನನ್ನ ಹೆಂಡತಿ ಈಗ ದಾರಿಯಲ್ಲಿ ಯಾರ ಕೂಸು ಸಿಕ್ಕರೂ ಮೊದಲು ಅಂಗಾಲು ಮುಟ್ಟುತ್ತಾಳೆ. ಸದ್ಯಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಎರೆಯುವುದೆಲ್ಲ ತೂಕ ಬಂದ ಮೇಲೆ ಎಂದು ಅವಳು ಹೇಳಿದ್ದಕ್ಕೆ, ಎರೆಯಲು ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ ನಮ್ಮ ದೊಡ್ಡಮ್ಮ ಕಾಫಿಯನ್ನೂ ಕುಡಿಯದೆ ಹೋದರು. ದೊಡ್ಡಮ್ಮಾ, ನಿಮ್ಮ ಕಾಫಿ ಬಾಕಿಯಿದೆ. ಕೂಸು ತೂಕ ಬಂದ ದಿನ ಮಣೆಯೂ ನಿಮ್ಮದೇ.

ಹಳಬರ ವಿದ್ಯೆಯೆಲ್ಲ ಕೆಲಸಕ್ಕೆ ಬಾರದ್ದೆಂದು ಹೇಳುವಷ್ಟು ಹೊಸಬ ನಾನಲ್ಲ. ಎನ್‌ಐಸಿಯುನಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರಗಳ ನಡುವೆ ಸಿಸ್ಟರ್ ನನ್ನ ಮಗಳ ಕೈಗೆ ಕೊಟ್ಟದ್ದೇನು ಗೊತ್ತೇ? ಒಳಲೆ! ಹಾಲು ಕುಡಿಸುವ ಅದೇ ಮೂತಿಯ ಬಟ್ಟಲು. ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಬೆಳ್ಳಿಯದೊಂದು ಕಪ್ಪಾಗಿ ಬಿದ್ದಿತ್ತು, ಅಲ್ಲಿಯದು ಸ್ಟೀಲಿನದು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವುದನ್ನು ಕೂಸು ಕಲಿಯುವುದು ಸುಮಾರು 34ನೇ ವಾರಕ್ಕೆ. ಅಲ್ಲಿಯವರೆಗೆ ನಳಿಗೆಯಲ್ಲಿ ಹಾಲು, ಆಮೇಲೆ ಒಳಲೆ, ನಿಧಾನವಾಗಿ ಎದೆ. ಬಾಟಲಿ ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದಾರೆ. ಆದರೆ ಅವರ ಒಳಲೆಯ ಕ್ರಮ ನಮ್ಮ ಅಜ್ಜಿಯದಲ್ಲ. ಅಜ್ಜಿ ಕೂಸನ್ನು ಅಂಗಾತ ಮಲಗಿಸಿ, ಬಾಯಿಬಿಡಿಸಿ, ಗೊಟಕ್ಕೆಂದು ಹೊಯ್ಯುತ್ತಿದ್ದಳು. ಇಲ್ಲಿ ಕೂಸನ್ನು ಅರೆ ಕೂತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ಬಾಯಿಯ ಒಂದು ಮೂಲೆಗೆ ತಾಗಿಸಿ, ಅದೇ ನಾಲಿಗೆ ಚಾಚುವವರೆಗೆ ಕಾದು, ತೊಟ್ಟು ತೊಟ್ಟೇ ಬಿಡಬೇಕು. ನಡುವೆ ಉಸಿರಿಗೆ ಬಿಡುವು ಕೊಡಬೇಕು. ಮುಗಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಬೇಕು. ಒಂದೊಂದು ಸರದಿಯೂ ಮುಗಿಯುವ ಹೊತ್ತಿಗೆ ಮುಂದಿನದಕ್ಕೆ ಹೆಚ್ಚು ಹೊತ್ತು ಉಳಿದಿರುವುದಿಲ್ಲ. ಆ ಮಧ್ಯದ ಹೊತ್ತಿನಲ್ಲಿ ಹಿಂಡಬೇಕಾದ ಎದೆಹಾಲು, ಕುದಿಸಬೇಕಾದ ಒಳಲೆ, ಕಬ್ಬಿಣದ ಹನಿ, ವಿಟಮಿನ್ ಡಿ ಹನಿ, ಒಗೆಯಬೇಕಾದ ಲಂಗೋಟಿ, ಇವಿಷ್ಟೂ ಮುಗಿದರೆ ನಿದ್ದೆ. ನಿಮ್ಮ ಕಾಲಿಂಗ್ ಬೆಲ್ ಸಾಮಾನ್ಯವಾಗಿ ಕೇಳಿಬರುವುದು ಈ ಕೊನೆಯ ಬಾಬ್ತಿನ ಹೊತ್ತಿಗೆ.

ಈಗ ಅಳಿಯಂದಿರ ಹಗರಣ. ಕಳೆದ ವಾರ ಬಂದ ಷಡ್ಡಕರು ಹಾಲ್‌ನಲ್ಲಿ ಕಂಡ ದೃಶ್ಯದಿಂದ ಇನ್ನೂ ಚೇತರಿಸಿಕೊಂಡಿಲ್ಲವೆಂದು ಕೇಳಿದೆ. ಅಳಿಯಂದಿರು ಶರಟು ಬಿಚ್ಚಿ ಒರಗುಕುರ್ಚಿಯಲ್ಲಿ ಅರ್ಧ ಮಲಗಿದ್ದರು. ಬರಿ ಎದೆಯ ಮೇಲೆ ಕೂಸು ಕವುಚಿಕೊಂಡಿತ್ತು. ಅದಕ್ಕೊಂದು ಟೊಪ್ಪಿ, ಕಾಲುಚೀಲ, ಲಂಗೋಟಿ, ಅಷ್ಟೇ. ಮುಖ ಒಂದು ಪಕ್ಕಕ್ಕೆ, ಕೈಕಾಲು ಎರಡೂ ಕಡೆಗೆ ಮಡಚಿ, ಮೇಲೆ ನನ್ನ ಹೆಂಡತಿಯ ಹಳೆಯ ಕಾಟನ್ ಸೀರೆಯ ಕಟ್ಟು. ಅವರು ಒಂದು ಕೈಯಲ್ಲಿ ಕೂಸಿನ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಆಫೀಸಿನ ಮೇಲ್‌ಗೆ ಉತ್ತರ ಬರೆಯುತ್ತಿದ್ದರು. ‘ಗಂಡಸರ ಕೈಲಿ ಬಾಣಂತನ ಮಾಡಿಸ್ತಿದ್ದಾರೆ’ ಎಂದು ಸುದ್ದಿ ಆ ಸಂಜೆಗೇ ಬೀಗರ ಊರು ತಲುಪಿ, ಅಲ್ಲಿಂದ ಬೀಗಿತ್ತಿಯವರ ಫೋನೂ ಬಂತು.

ಅದರ ಹೆಸರು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಇಂಕ್ಯುಬೇಟರುಗಳು ಸಾಲದೆ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ತಾಯಂದಿರ ಎದೆಯನ್ನೇ ಇಂಕ್ಯುಬೇಟರ್ ಮಾಡಿದರು. ಬಡದೇಶದ ದಾರಿದ್ರ್ಯದ ಉಪಾಯ ಅಂತ ಶ್ರೀಮಂತ ದೇಶದವರು ಮೊದಮೊದಲು ಮೂಗು ಮುರಿದದ್ದೂ ಉಂಟು. ಆಮೇಲೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಈ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡರೆ ಕಡಿಮೆ ತೂಕದ ಮಕ್ಕಳ ಸಾವು ಕಾಲುಭಾಗದಷ್ಟು ಇಳಿಯುತ್ತದೆಂದು ಅದು ತೋರಿಸಿತು. ಈಗ ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಟ್ಟುಕೊಳ್ಳಿ ಎಂಬುದು ಅವರ ಸೂಚನೆ. ವಿದೇಶಿ ವಿಚಾರವೆಂದು ತಳ್ಳಿಹಾಕುವ ಹಾಗೂ ಇಲ್ಲ. ನಮ್ಮ ಕೊಪ್ಪಳದಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಆರೋಗ್ಯ ಇಲಾಖೆಯೊಂದಿಗೆ ಸೇರಿ ಇದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ನಡೆಸಿದ್ದಾರೆ. ದಿನಕ್ಕೆ ಅಷ್ಟು ಗಂಟೆ ಒಬ್ಬಳ ಎದೆಯ ಮೇಲೇ ಕೂಸಿದ್ದರೆ ಅವಳು ಊಟ ಯಾವಾಗ ಮಾಡಬೇಕು, ಸ್ನಾನ ಯಾವಾಗ ಮಾಡಬೇಕು? ಅದಕ್ಕೇ ತಂದೆಯ ಎದೆ, ಅಜ್ಜಿಯ ಎದೆ. ತಾತನ ಎದೆಯೂ ನಡೆಯುತ್ತದಂತೆ. ಕೂದಲು ಹೆಚ್ಚಿರುವುದರಿಂದ ನನಗಿನ್ನೂ ಸರದಿ ಬಂದಿಲ್ಲ. ಷಡ್ಡಕರೇ, ನಿಮ್ಮ ಅಳಿಯ ಬಾಣಂತನ ಮಾಡಲಿಲ್ಲವೆಂದು ನೀವು ಹೆಮ್ಮೆಪಡುವುದಾದರೆ ಪಡಿ. ನಮಗೆ ಅಷ್ಟು ಅದೃಷ್ಟವಿಲ್ಲ.

ಆ ಅಳಿಯಂದಿರಿಗೆ ಕಂಪನಿಯವರು ರಜೆ ಕೊಟ್ಟರೇ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಖಾಸಗಿ ಕೆಲಸದಲ್ಲಿರುವ ತಂದೆಗೆ ರಜೆ ಕೊಡಲೇಬೇಕೆಂಬ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಅವರು ದೊಡ್ಡ ಮನಸ್ಸು ಮಾಡಿ ಕೊಟ್ಟ ಒಂದು ವಾರ, ಕೂಸು ಒಳಗೆ ಪೆಟ್ಟಿಗೆಯಲ್ಲಿದ್ದಾಗ ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕೂತು ಮುಗಿಯಿತು. ಮಗಳದ್ದು 26 ವಾರ. ಹೆರಿಗೆ ರಜೆಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಗೆ ಕೈಮುಗಿಯಬೇಕು. ಆದರೆ ಕಾಯ್ದೆಯ ಗಡಿಯಾರಕ್ಕೆ ಕೂಸು ಎದೆಯ ಮೇಲಿದೆಯೋ, ಗಾಜಿನ ಆಚೆಗಿದೆಯೋ ಎಂಬ ಭೇದ ಇಲ್ಲ. ಅವಧಿಗೆ ಮುನ್ನ ಹೆರಿಗೆಯಾಗಿ ತಾಯಿಯ ಆರೋಗ್ಯ ಕೆಟ್ಟರೆ ಇನ್ನೊಂದು ತಿಂಗಳು ಸಂಬಳದ ರಜೆ ಸಿಗುತ್ತದೆಂದು ಕಾಯ್ದೆಯಲ್ಲೇ ಇದೆ. ಈ ಮಾತು ಅವಳ ಆಫೀಸಿನ ಎಚ್.ಆರ್. ಮೇಡಮ್‌ಗೆ ನಾವು ಹೇಳಿದ ಮೇಲೆ ಗೊತ್ತಾಯಿತು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಎನ್‌ಐಸಿಯು ಮಕ್ಕಳ ತಂದೆಗೂ ತಾಯಿಗೂ 12 ವಾರದವರೆಗೆ ಹೆಚ್ಚುವರಿ ರಜೆ ಇದೆ. ಅಲ್ಲಿ ಪಾಪ, ನೋಡಲು ಬರುವ ನೆಂಟರು ಕಡಿಮೆ. ಸರ್ಕಾರವೇ ಎಲ್ಲ ಮಾಡಬೇಕು. ವಿಮೆಯ ಕಥೆ ಚಿಕ್ಕದು. ಹಲವು ಪಾಲಿಸಿಗಳು ಕೂಸನ್ನು ಕೂಸೆಂದು ಒಪ್ಪುವುದು ಅದಕ್ಕೆ 90 ದಿನ ತುಂಬಿದ ಮೇಲೆ.

ಈ ಮನೆಗೆ ಬಂದವರಲ್ಲಿ ಯಾರೂ ಹೇಳದೆಯೇ ಮೊದಲು ಬಚ್ಚಲಿಗೆ ಹೋಗಿ ಸೋಪಿನಲ್ಲಿ ಮೊಣಕೈಯವರೆಗೆ ತೊಳೆದುಕೊಂಡವಳು ಒಬ್ಬಳೇ, ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಚೀಲದಿಂದ ಥರ್ಮಾಮೀಟರ್ ತೆಗೆದಳು, ತೂಗುಜೋಳಿಗೆ ತೆಗೆದಳು, ಕೂಸು ಉಸಿರಾಡುವುದನ್ನು ವಾಚು ಹಿಡಿದು ಒಂದು ಪೂರ್ತಿ ನಿಮಿಷ ಎಣಿಸಿದಳು. ಎದೆ ಒಳಕ್ಕೆ ಸೆಳೆಯುತ್ತಿದೆಯೇ, ಅಂಗೈ ಅಂಗಾಲು ಹಳದಿಯಾಗಿವೆಯೇ, ಹಾಲಿಗೆ ಎಬ್ಬಿಸಿದರೂ ಏಳದೆ ಜೋಲುತ್ತದೆಯೇ ಎಂದು ನೋಡಿದಳು. ಹಾಗೇನಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ನಡುರಾತ್ರಿಯಾದರೂ ಹೊರಡಿ ಅಂದಳು. ಆಮೇಲೆ ನನ್ನ ಮಗಳ ಪಕ್ಕ ಕೂತು, ‘ನೀವು ಊಟ ಮಾಡಿದ್ರಾ ಅಕ್ಕಾ?’ ಎಂದು ಕೇಳಿದಳು. ಅಷ್ಟು ದಿನಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನವಜಾತ ಶಿಶುವಿರುವ ಮನೆಗೆ ಹೀಗೆ ಆರು ಸಲ ಬಂದು ಹೋಗಲು, 2011ರಲ್ಲಿ ಈ ಯೋಜನೆ ಶುರುವಾದಾಗ ಆಶಾಗಳಿಗೆ ಗೊತ್ತುಮಾಡಿದ ಪ್ರೋತ್ಸಾಹಧನ ಒಟ್ಟು 250 ರೂಪಾಯಿ. ನೀವು ಕೂಸಿನ ಮುಷ್ಟಿ ಬಿಡಿಸಿ ಇಡುವ ಒಂದು ನೋಟು ಅದರ ಎರಡರಷ್ಟಿದೆ. ಎಷ್ಟೆಷ್ಟೋ ಕಿಸೆ ತಿರುಗಿ ಬಂದ ನೋಟು. ಕೂಸು ಅದನ್ನು ನೇರ ಬಾಯಿಗಿಟ್ಟುಕೊಳ್ಳುತ್ತದೆ.

ಮಗಳು ಅಳುತ್ತಾಳೆಂದು ನಿಮ್ಮಲ್ಲಿ ಕೆಲವರು ಗಮನಿಸಿದ್ದೀರಿ. ‘ಕೂಸು ಮನೆಗೆ ಬಂತಲ್ಲ, ಇನ್ನೂ ಯಾಕಮ್ಮಾ ಅಳು?’ ಎಂದು ಸಮಾಧಾನವನ್ನೂ ಹೇಳಿದ್ದೀರಿ. ನಿಮ್ಮ ತರ್ಕ ಸರಿಯಾಗಿಯೇ ಇದೆ. ಆಸ್ಪತ್ರೆಯಲ್ಲಿ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು, ಉಸಿರು ತಪ್ಪಿದರೆ ಯಂತ್ರ ಕೂಗುತ್ತಿತ್ತು, ಸಿಸ್ಟರ್ ಓಡಿಬಂದು ಅಂಗಾಲು ತಟ್ಟಿದರೆ ಕೂಸು ಮತ್ತೆ ಉಸಿರೆಳೆದುಕೊಳ್ಳುತ್ತಿತ್ತು. ಮನೆಯಲ್ಲಿ ಆ ಯಂತ್ರವಿಲ್ಲ. ಉಸಿರು ಸರಿಯಾದ ಮೇಲೆಯೇ ಕಳಿಸುವುದು ಎಂದು ಡಾಕ್ಟರು ಎಷ್ಟು ಬಿಡಿಸಿ ಹೇಳಿದರೂ ಅವಳು ರಾತ್ರಿಯೆಲ್ಲ ಮೂಗಿನ ಕೆಳಗೆ ಬೆರಳಿಟ್ಟು ಕೂರುತ್ತಾಳೆ. ಪಕ್ಕದ ಮನೆಯ ಮೈಕ್ರೋವೇವ್ ಕೂಗಿದರೆ ಬೆಚ್ಚಿಬೀಳುತ್ತಾಳೆ. ಇದು ಹಟವೂ ಅಲ್ಲ, ಕೃತಘ್ನತೆಯೂ ಅಲ್ಲ, ‘ಈ ಕಾಲದ ಹುಡುಗಿಯರ’ ನಾಜೂಕೂ ಅಲ್ಲ. ಬಾಣಂತಿಯರ ಮನಸ್ಸು ಹೀಗೆ ಕುಸಿಯುವುದು ಎಷ್ಟು ನಿಜವೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಒಳರೋಗಿಗಳಾಗಿ ಇರಿಸಿಕೊಳ್ಳುವ ವಿಭಾಗವೇ 2009ರಿಂದ ಇದೆ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನಾವು ಮಾಡಿದೆವು. ಮನೆಯ ಮಾನ ಹೋಯಿತು ಅನ್ನುವವರು ಅದನ್ನೂ ಗುಂಪಿನಲ್ಲಿ ಹಾಕಬಹುದು.

ಮುಂದಿನ ತಿಂಗಳುಗಳಲ್ಲಿ ನೀವು ಕೇಳಲಿರುವ ಪ್ರಶ್ನೆಗಳಿಗೂ ಈಗಲೇ ಉತ್ತರಿಸಿಬಿಡುತ್ತೇನೆ. ‘ಐದು ತಿಂಗಳಾಯ್ತು, ಇನ್ನೂ ಕತ್ತು ನಿಂತಿಲ್ವಾ?’ ನಿಂತಿರಲಾರದು. ‘ನಮ್ಮ ಪಾಪು ಇಷ್ಟು ಹೊತ್ತಿಗೆ ಮಗುಚಿಕೊಳ್ತಿತ್ತು.’ ಅಭಿನಂದನೆಗಳು. ಈ ಕೂಸಿಗೆ ಎರಡು ವಯಸ್ಸು. ಲಸಿಕೆ ಹಾಕಿಸಲು ಹುಟ್ಟಿದ ದಿನದಿಂದ ಎಣಿಕೆ. ಕತ್ತು, ಕೂರುವುದು, ಅಂಬೆಗಾಲು, ಮಾತು ಇವಕ್ಕೆಲ್ಲ ಹುಟ್ಟಬೇಕಾಗಿದ್ದ ದಿನದಿಂದ. ಎರಡು ವರ್ಷ ತುಂಬುವವರೆಗೂ ಡಾಕ್ಟರು ಹೀಗೇ ಕಳೆದು ಎಣಿಸುತ್ತಾರೆ. ಜಾತಕ ಬರೆಯುವ ಶಾಸ್ತ್ರಿಗಳು ಯಾವ ದಿನ ಹಿಡಿಯಬೇಕೆಂದು ಕೇಳಿದ್ದರು. ಎರಡನ್ನೂ ಬರೆಯಿರಿ, ಒಳ್ಳೆಯದಿರುವುದನ್ನು ಇಟ್ಟುಕೊಳ್ಳುತ್ತೇವೆ ಎಂದೆ.

ಕಣ್ಣಿನ ಪರೀಕ್ಷೆಗೆ ನೀವು ನಕ್ಕಿದ್ದಂತೂ ಸಹಜ. ‘ಇಷ್ಟು ಎಳೆಗೂಸಿಗೆ ಕಣ್ಣಿನ ಡಾಕ್ಟರಾ, ಗೋಡೆ ಮೇಲಿನ ಅಕ್ಷರ ಓದುತ್ತಾ?’ ಓದುವುದಿಲ್ಲ. ಆದರೆ ಅವಧಿಗೆ ಮೊದಲು ಹುಟ್ಟಿದ ಕೂಸಿನ ಅಕ್ಷಿಪಟದ ರಕ್ತನಾಳಗಳು ಇನ್ನೂ ಅಂಚಿನವರೆಗೆ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪಟವನ್ನೇ ಎಳೆದು ಹರಿಯಬಹುದು, ಕೂಸು ಪೂರ್ತಿ ಕುರುಡಾಗಬಹುದು. ಹೊರಗಿನಿಂದ ನೋಡಿದವರಿಗೆ ಕಣ್ಣು ಫಳಫಳನೆ ಚೆನ್ನಾಗಿಯೇ ಕಾಣುತ್ತದೆ, ಮೋಸವಿರುವುದೇ ಅಲ್ಲಿ. 34 ವಾರದೊಳಗೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇದ್ದ ಮಕ್ಕಳಿಗೆ ತಿಂಗಳು ತುಂಬುವುದರೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ತೀರ ಮುಂಚೆ ಹುಟ್ಟಿದವಕ್ಕೆ ಇನ್ನೂ ಬೇಗ. ಆಮೇಲೆ ನಾಳಗಳು ಅಂಚು ಮುಟ್ಟುವವರೆಗೆ ವಾರಕ್ಕೋ ಎರಡು ವಾರಕ್ಕೋ ಮತ್ತೆ ಮತ್ತೆ. ಹೊತ್ತಿಗೆ ಸರಿಯಾಗಿ ಕಂಡರೆ ಲೇಸರ್‌ನಿಂದ ತಡೆಯಬಹುದು, ತಪ್ಪಿಸಿಕೊಂಡರೆ ಇಲ್ಲ. ಇದನ್ನು ನೋಡಬಲ್ಲ ಡಾಕ್ಟರು ಜಿಲ್ಲೆಗಳಲ್ಲಿ ಸಿಗುವುದಿಲ್ಲವೆಂದೇ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಶುರುಮಾಡಿದರು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಎನ್‌ಐಸಿಯುಗಳಿಗೆ ಹೋಗಿ ಕೂಸಿನ ಕಣ್ಣೊಳಗಿನ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ಕೂತ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಜಗತ್ತಿಗೆ ಮಾದರಿಯಾದ ಕೆಲಸ ಇದು, ಆಗಿದ್ದು ನಮ್ಮಲ್ಲಿ. ಗುಂಪಿನಲ್ಲಿ ಯಾರಾದರೂ ಇದನ್ನು ಫಾರ್ವರ್ಡ್ ಮಾಡಿದ್ದು ನಾನು ಕಂಡಿಲ್ಲ.

ನಮ್ಮ ಕೂಸಿನ ಮೊದಲ ಪರೀಕ್ಷೆಯಾಗಿದೆ. ಎರಡನೆಯದು ಬರುವ ಬುಧವಾರ ಬೆಂಗಳೂರಿನಲ್ಲಿ. ‘ಏನು ಸಹಾಯ ಬೇಕಿದ್ದರೂ ಸಂಕೋಚ ಮಾಡ್ಕೋಬೇಡಿ’ ಎಂದು ನೀವೆಲ್ಲರೂ ಹೇಳಿಯೇ ಹೋಗಿರುವುದರಿಂದ ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ. ಪಕ್ಕದ ಬೀದಿಯ ಅತ್ತಿಗೆ ಮಧ್ಯಾಹ್ನಕ್ಕೆ ಅನ್ನ, ಬೇಳೆಸಾರು ಕಳಿಸಿದರೆ ನನ್ನ ಹೆಂಡತಿ ಅರ್ಧ ಗಂಟೆ ಮಲಗುತ್ತಾಳೆ. ಕ್ಯಾರಿಯರನ್ನು ಗೇಟಿನ ಕೊಕ್ಕೆಗೆ ನೇತುಹಾಕಿ ಹೋದರೆ ಸಾಕು, ಬೆಲ್ ಬೇಡ. ಗುಂಪಿನ ಅಡ್ಮಿನ್ ಸಾಹೇಬರು ಮೆಡಿಕಲ್ ಸ್ಟೋರಿನಿಂದ ಕಬ್ಬಿಣದ ಹನಿಯ ಬಾಟಲಿ ತಂದುಕೊಡಬಹುದು; ಚೀಟಿಯ ಫೋಟೋ ಕಳಿಸುತ್ತೇನೆ, ದುಡ್ಡೂ ಕಳಿಸುತ್ತೇನೆ. ಎರಡು ಮನೆಯಾಚೆಯ ಹುಡುಗರು ಶನಿವಾರದ ಸ್ಪೀಕರನ್ನು ಆ ಕಡೆಗೆ ತಿರುಗಿಸಿಟ್ಟರೆ ಉಪಕಾರ.

ಇನ್ನು ಕಾರು. ನಾಲ್ಕು ಜನಕ್ಕೆ ಜಾಗವಿರುವ, ಒಳಗೆ ಸಿಗರೇಟ್ ಸೇದದ ಕಾರು ಯಾರಲ್ಲಿದೆ? ಟ್ರಾಫಿಕ್ ಕಟ್ಟಿಕೊಳ್ಳುವ ಮೊದಲೇ ನೆಲಮಂಗಲ ದಾಟಬೇಕಾದ್ದರಿಂದ ಬೆಳಿಗ್ಗೆ ಆರಕ್ಕೆಲ್ಲ ಹೊರಡಬೇಕು. ಕಣ್ಣಿಗೆ ಹನಿ ಹಾಕಿ, ಪಾಪೆ ಅರಳಿ, ಪರೀಕ್ಷೆ ಮುಗಿಯುವವರೆಗೆ ಕಾಯಬೇಕು, ಮಧ್ಯಾಹ್ನವಾದೀತು. ಕಿಟಕಿ ಏರಿಸಿಕೊಂಡು, ಎ.ಸಿ. ಹಾಕದೆ, ಸುವಾಸನೆಯ ಡಬ್ಬಿಯನ್ನು ಹಿಂದಿನ ದಿನವೇ ತೆಗೆದಿಟ್ಟು ಬರಬೇಕು. ಡ್ರೈವರ್ ಕೆಮ್ಮುತ್ತಿರಬಾರದು. ಪೆಟ್ರೋಲ್ ನನ್ನದು, ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿಯೂ ನನ್ನದು.

ಮೊದಲು ಒಪ್ಪಿಕೊಂಡವರು ಈ ಪತ್ರದ ಕೆಳಗೆ ಗುಂಪಿನಲ್ಲೇ ತಿಳಿಸಿ. ಕೈಮುಗಿದಿರುವ ಚಿತ್ರ ಹಾಕಬೇಡಿ. ಅದು ಬರುತ್ತೇನೆಂದೋ ಬರುವುದಿಲ್ಲವೆಂದೋ ತಿಳಿಯುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಕೂಸಿನ ತಾತ